ತಕ್ಕಡಿಯಲ್ಲಿ ಕೂತ ಕಾಳ್ಯಾ

ಬೆಕ್ಕಿಗೆಂದು ಡಾಕ್ಟರು ಕೊಟ್ಟ ಜಂತಿನ ಔಷಧದ ಬಾಟಲಿಯನ್ನು ಇವತ್ತು ಬೆಳಿಗ್ಗೆ ಬೀದರಿನ ಮನೆಯಲ್ಲಿ ತೆರೆದೆ. ಆ ವಾಸನೆ ನನ್ನನ್ನು ನೇರ ನಾನು ಬೆಳೆದ ಸಂತಪುರದ ಅಂಗಳಕ್ಕೆ ಒಯ್ದಿತು.

ನಮ್ಮದು ಕುರಿ ಸಾಕುವ ಮನೆ. ಕಾಕಾ ಬಿದಿರಿನ ಗೊಟ್ಟದಿಂದ ಕುರಿಗಳ ಬಾಯಿಗೆ ಜಂತಿನ ಔಷಧ ಸುರಿಯುತ್ತಿದ್ದ. ಒಮ್ಮೆ, ಹೊಟ್ಟೆ ಉಬ್ಬಿದ ನಾಯಿಮರಿ ಕಾಳ್ಯಾನ ಮೂತಿಯನ್ನೂ ಮೇಲಕ್ಕೆತ್ತಿ ಅದೇ ಗೊಟ್ಟ ಹಿಡಿದ. ನಮ್ಮ ಅಜ್ಜಿ, ಎಲ್ಲರ ಆಯಿ, ಓಡಿಬಂದು ಅವನ ಕೈ ಹಿಡಿದಳು.

“ಕುರೀದು ಕುರಿಗಿ, ನಾಯೀದು ನಾಯಿಗಿ! ಮಾರಿ ಮ್ಯಾಲ ಮಾಡಿ ಸುರದ್ರ ನೆತ್ತಿಗಿ ಹತ್ತಿ ಸಾಯ್ತದ.”

“ಹಂಗಾದ್ರ ಏನ್ ಹಾಕ್ಲಿ, ಎಷ್ಟ್ ಹಾಕ್ಲಿ?”

“ಔರಾದ ಡಾಕ್ಟರ್‌ಗಿ ಕೇಳು. ಮೊದಲ ತೂಕ ಮಾಡು.”

ತೊಗರಿ ತೂಗುವ ತಕ್ಕಡಿ ಹೊರಬಂತು. ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಬಾಲ ಇಳಿಬಿಟ್ಟು ಗಂಭೀರವಾಗಿ ಕೂತ ಕಾಳ್ಯಾ. ದಾರಿಯಲ್ಲಿ ಹೊರಟಿದ್ದ ನೆರೆಮನೆಯವರು ನಿಂತು ಕೇಳಿದರು: “ಹ್ಯಾಂಗ ಕಿಲೋ ರಿ, ಆಯಿ?”

ಆಯಿ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ ಅಂದಳು: “ಮಾರ್ಲಾಕ ಅಲ್ರಿ, ಉಳಸ್ಲಾಕ.”

ಕಾಕಾ ಔರಾದಿಗೆ ಹೋಗಿ, ಡಾಕ್ಟರಿಗೆ ತೂಕ ಹೇಳಿ ಗುಳಿಗೆ ತಂದ. ಆಯಿ ಅದನ್ನು ರೊಟ್ಟಿಯ ತುತ್ತಿನೊಳಗೆ ಅಡಗಿಸಿದಳು. ಕಾಳ್ಯಾ ನುಂಗಿ ಅವಳ ಬೆರಳನ್ನೂ ನೆಕ್ಕಿದ. ಮುಂದೆ ವರ್ಷಗಟ್ಟಲೆ ನಮ್ಮ ಕುರಿಗಳನ್ನು ಕಾದ.

ಇವತ್ತು ಔಷಧ ಹಾಕುವ ಮೊದಲು ನಾನೂ ಬೆಕ್ಕನ್ನು ತರಕಾರಿ ಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ತೂಗುಹಾಕಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ನಕ್ಕರು.

“ಹ್ಯಾಂಗ ಕಿಲೋ?”

ಮುಳ್ಳಿನಿಂದ ಕಣ್ಣು ತೆಗೆಯದೆ ಅಂದೆ: “ಮಾರ್ಲಾಕ ಅಲ್ರಿ.”