ಪೈಪಿನ ಬುಡಕ್ಕೆ ಎರಡು ಚೆಂಬು ನೀರು

ನಾನು ಹೇಳಿದ ಎಚ್ಚರಿಕೆಯ ಮಾತುಗಳಲ್ಲಿ ನನ್ನ ಅತ್ತೆ ಕೇಳಿದ್ದು ಒಂದನ್ನು ಮಾತ್ರ. ಅವರ ಜೀವ ತೆಗೆಯುವುದರಲ್ಲಿದ್ದದ್ದೂ ಅದೇ ಮಾತು.

ಎಂಬತ್ತರ ದಶಕದ ನಡುಭಾಗ. ಬೆಳ್ತಂಗಡಿ ಪೇಟೆಗೆ ತಾಗಿಕೊಂಡ ಲಾಯಿಲದಲ್ಲಿ ನಮ್ಮ ಮನೆ. ನಾನು ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. ಗಂಡನಿಗೆ ಬಂಟ್ವಾಳದಲ್ಲಿ ಗುಮಾಸ್ತಿಕೆ. ಅತ್ತೆಗೆ ಒಂದು ಕಪ್ಪು ಹಸು. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆದ್ದರಿಂದ ಅತ್ತೆಯ ಮಾತಿನ ಖಾರ ಅರ್ಧಕ್ಕರ್ಧ ಇಳಿದಿದೆ ಎಂದು ಓದುವವರು ತಿಳಿದುಕೊಳ್ಳಬೇಕು.

ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದದ್ದು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕಬೇಕಾದರೆ ಊಟದ ಮಣೆಯ ಮೇಲೆ ಹತ್ತಿ ನಿಲ್ಲುತ್ತಿದ್ದೆ. ದೂರದಲ್ಲೆಲ್ಲೋ ಗುಡುಗಿದ ಹಾಗೆ ಕೇಳಿಸಿದರೂ ಸಾಕು, ಮನೆಯ ಮುಂಭಾಗದ ಚಾವಡಿಗೆ ಓಡಿ ಮೈನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆಯುತ್ತಿದ್ದೆ. "ಕುದುರೆಮುಖದಲ್ಲಿ ಮೋಡ ಕಂಡ್ರೆ ಲಾಯಿಲದಲ್ಲಿ ಕರೆಂಟು ತೆಗೆಯುವವಳು ನೀನೊಬ್ಬಳೇ ಮಾರಾಯ್ತಿ" ಎನ್ನುತ್ತಿದ್ದರು ಅತ್ತೆ. ನಾನು ದಿನಕ್ಕೆ ಹತ್ತು ಸಲ "ಅತ್ತೆ, ಜಾಗ್ರತೆ" ಎಂದರೆ ಅವರು ಹತ್ತೂ ಸಲ "ಹ್ಞೂಂ" ಎಂದು ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ಹಟ್ಟಿಯ, ಎಂದರೆ ದನದ ಕೊಟ್ಟಿಗೆಯ, ಬಲ್ಬಿನ ವಿಷಯಕ್ಕೆ ಬರುತ್ತೇನೆ. ನಾನು ಹೇಳಹೊರಟ ಘಟನೆಗೂ ಏಳು ವರ್ಷ ಮೊದಲು ಒಂದು ಗಾಳಿಮಳೆಗೆ ತೆಂಗಿನ ಮಡಲು ಬಿದ್ದು, ಮನೆಯಿಂದ ಹಟ್ಟಿಗೆ ಹೋಗುವ ತಂತಿ ಹರಿದಿತ್ತು. ವಯರಿಂಗಿನವರು ಬಂದು ಏನೋ ಸರಿಮಾಡಿ, ಹಟ್ಟಿಯ ಹಿಂಬದಿಯಲ್ಲಿ ಒಂದು ಕಬ್ಬಿಣದ ಪೈಪು ಹುಗಿದು ಹೋದರು. ಹೋಗುವಾಗ ಅತ್ತೆಗೆ ಹೇಳಿದ್ದರಂತೆ: "ಅಮ್ಮ, ಬೇಸಗೆಯಲ್ಲಿ ಬಲ್ಬು ಮಂದ ಆದ್ರೆ ಪೈಪಿನ ಬುಡಕ್ಕೆ ಒಂದು ಚೆಂಬು ನೀರು ಹೊಯ್ಯಿರಿ. ಉರಿ ಜೋರಾಗ್ತದೆ."

ಹೊಯ್ದರೆ ನಿಜಕ್ಕೂ ಜೋರಾಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಹಾಲು ಕರೆಯಲು ಹೋಗುವಾಗ ಅತ್ತೆ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ನೀರಿನ ಚೆಂಬು ಹಿಡಿದು ಹೋಗುವುದು ರೂಢಿಯಾಯಿತು. ನಾನು ಇದನ್ನು ನೋಡಿದವಳು. ನೋಡಿ ಮೆಚ್ಚಿದವಳು! ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ತ್ ಪೈಪಿನ ಬುಡ ಸದಾ ತೇವವಾಗಿರಬೇಕು, ಆಗಲೇ ಮನೆಗೆ ಕ್ಷೇಮ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಇದು ಅದೇ ಪೈಪು ಎಂದು ನಾನೇ ತೀರ್ಮಾನಿಸಿಬಿಟ್ಟೆ. "ಒಂದು ಚೆಂಬು ಸಾಲದು ಅತ್ತೆ, ಎರಡು ಹೊಯ್ಯಿರಿ" ಎಂದೆ. ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಅಲ್ಲಿ ಸೆಗಣಿ ನೀರು ಹರಿದು ನೆಲ ಜಾರುತ್ತಿತ್ತು, ಅತ್ತೆಗೆ ಮೊಣಕಾಲು ನೋವು. "ಬಗ್ಗುವಾಗ ಪೈಪನ್ನು ಗಟ್ಟಿ ಹಿಡ್ಕೊಳ್ಳಿ, ಜಾರ್ತದೆ" ಎಂದೂ ಸೇರಿಸಿದೆ.

ಈ ಮಾತನ್ನು ಅತ್ತೆ ಯಾಕೋ ಪಾಲಿಸಿದರು. ಮೊಣಕಾಲು ಒಪ್ಪಿಕೊಂಡಿರಬೇಕು.

ಆ ವರ್ಷಗಳಲ್ಲಿ ಇನ್ನೆರಡು ಸಂಗತಿಗಳಿದ್ದವು. ಅವಕ್ಕೂ ಇದಕ್ಕೂ ಸಂಬಂಧ ಉಂಟೆಂದು ಯಾರಿಗೂ ಹೊಳೆದಿರಲಿಲ್ಲ. ಒಂದು, ಹಸು ಒದೆಯುತ್ತಿತ್ತು. ಹಗಲು ಅಂಗಳದಲ್ಲಿ ಮಗುವಿನ ಹಾಗೆ ನಿಲ್ಲುವ ಪ್ರಾಣಿ ಹಾಲು ಕರೆಯುವಾಗ ಹಿಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ದೃಷ್ಟಿಯಾಗಿದೆ ಎಂದು ಅತ್ತೆ ಮೆಣಸು ನೀವಾಳಿಸಿ ಒಲೆಗೆ ಹಾಕಿದರು. ನಾವು ಕೆಮ್ಮಿದೆವು, ಹಸು ಒದೆಯಿತು. ಇನ್ನೊಂದು, ಅತ್ತೆಯ ಬಲಗೈ ಬೆಳಗ್ಗೆ ಜುಮ್ಮೆನ್ನುತ್ತಿತ್ತು. ವಾತ ಎಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಒಳ್ಳೆಯ ಎಣ್ಣೆಯನ್ನೇ ತರಿಸಿಕೊಟ್ಟಿದ್ದೆ.

ಹೀಗಿರುವಾಗ ಒಂದು ಸಲ ಮೂಡಬಿದಿರೆಯ ತವರಿಗೆ ಹೋಗಿದ್ದೆ. ನೆರೆಮನೆಯ ಹೆಂಗಸೊಬ್ಬರಿಗೆ ಹೊಸ ಗ್ರೈಂಡರಿನಿಂದ ಕರೆಂಟು ಹೊಡೆದು, ಬದುಕಿದ್ದೇ ಹೆಚ್ಚು ಎಂಬಂತಾಗಿತ್ತು. ಅವರ ಸುಟ್ಟ ಅಂಗೈ ನೋಡಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ನನ್ನ ತಮ್ಮ ಅಲ್ಲೇ ರೇಡಿಯೋ ರಿಪೇರಿ ಮಾಡಿಕೊಂಡಿದ್ದ. "ಅಕ್ಕ, ಈಗ ಅದಕ್ಕೊಂದು ಪೆಟ್ಟಿಗೆ ಬಂದಿದೆ. ಇ.ಎಲ್.ಸಿ.ಬಿ. ಅಂತ" ಎಂದ. ಇವತ್ತು ಆರ್‌ಸಿಸಿಬಿ ಎನ್ನುವುದು ಅದರ ಸಂತತಿಯನ್ನೇ.

"ಎಂತ ಮಾಡ್ತದೆ ಅದು?"

"ನೀನು ಮಕ್ಕಳನ್ನು ಸಾವಿರ ಕಂಬದ ಬಸದಿಗೆ ಪ್ರವಾಸ ಕರ್ಕೊಂಡು ಬರ್ತೀಯಲ್ಲ? ಒಳಗೆ ಹೋಗುವಾಗ ನಲವತ್ತು ತಲೆ ಎಣಿಸ್ತೀ. ಹೊರಗೆ ಬರುವಾಗ ಮೂವತ್ತೊಂಬತ್ತೇ ಇದ್ರೆ?"

"ಅಯ್ಯೋ ದೇವರೇ! ಬಸ್ಸು ಹೊರಡ್ಲಿಕ್ಕೆ ಬಿಡುವುದಿಲ್ಲ."

"ಆ ಪೆಟ್ಟಿಗೆಯೂ ಹಾಗೇ. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ಹಿಂದೆ ಬರ್ಬೇಕು. ಕಡಿಮೆ ಬಂತೋ, ಎಲ್ಲೋ ನೆಲಕ್ಕೆ ಇಳಿದಿದೆ ಅಂತ ಲೆಕ್ಕ. ಯಾರದೋ ಮೈಯಿಂದಲೂ ಇಳಿದಿರಬಹುದು. ಟಪ್ ಅಂತ ಬೀಳ್ತದೆ, ಇಡೀ ಮನೆಯ ಕರೆಂಟು ಬಂದ್."

ನನ್ನಂಥವಳೇ ಒಬ್ಬಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ಗೋಡೆಗೆ ಹೊಡೆದ ಹಾಗೆ ಎನಿಸಿತು. ಎರಡು ತಿಂಗಳು ಗಂಡನ ತಲೆ ತಿಂದೆ. ಕಡೆಗೆ ಅವರು ಬಂಟ್ವಾಳದಿಂದ ಅದನ್ನು ಹಿಡಿದುಕೊಂಡು ಬಂದರು. ಅದೇ ವಯರಿಂಗಿನವರು ಬಂದು ಮೈನ್ ಸ್ವಿಚ್ಚಿನ ಪಕ್ಕ ಕೂರಿಸಿದರು. ಆಗ ಏಪ್ರಿಲ್ ತಿಂಗಳು.

ಅವತ್ತೇ ಸಂಜೆ ಅತ್ತೆ ಹಟ್ಟಿಯ ದೀಪ ಹಾಕಿದರು. ಟಪ್. ಮನೆ ಕತ್ತಲು. ಹಟ್ಟಿಯ ಸ್ವಿಚ್ಚು ಆರಿಸಿ ಪೆಟ್ಟಿಗೆಯ ಹಿಡಿ ಎತ್ತಿ ಹಾಕಿದೆವು, ನಿಂತಿತು. ಅತ್ತೆ ಮತ್ತೆ ಹಟ್ಟಿಯ ಸ್ವಿಚ್ಚು ಒತ್ತಿದರು. ಟಪ್.

"ಸೊಸೆ ತಂದ ಪೆಟ್ಟಿಗೆ, ಸೊಸೆಯ ಹಾಗೇ ಉಂಟು" ಎಂದರು ಅತ್ತೆ ಕತ್ತಲಿನಿಂದ. "ನಾನು ಹಟ್ಟಿಗೆ ಕಾಲಿಟ್ಟ ಕೂಡಲೇ ಬೊಬ್ಬೆ."

ವಯರಿಂಗಿನವರು ಮರುದಿನ ಬಂದು ಬಲ್ಬಿನ ಹೋಲ್ಡರು ಬದಲಿಸಿದರು. ಆದರೂ ಬಿತ್ತು. "ಹಟ್ಟಿಯ ಪಸೆಗೆ ಬೀಳುವುದು ಟೀಚರೇ. ಇದು ತುಂಬಾ ನಾಜೂಕಿನ ಸಾಮಾನು. ಇದನ್ನು ತಪ್ಪಿಸಿ ತಂತಿ ನೇರ ಮಾಡಿ ಕೊಡ್ತೇನೆ, ಕಿರಿಕಿರಿ ಇಲ್ಲ" ಎಂದರು. ನಾನು ಒಪ್ಪಲಿಲ್ಲ. ಹಟ್ಟಿಗೆ ಲಾಟೀನು ಸಾಕು ಎಂದು ಹಟ ಹಿಡಿದೆ.

ಹತ್ತು ದಿನ ಅತ್ತೆ ಲಾಟೀನಿನ ಬೆಳಕಿನಲ್ಲಿ ಹಾಲು ಕರೆದರು. ಬಲ್ಬಿಲ್ಲದ ಮೇಲೆ ಪೈಪಿಗೆ ನೀರು ಹೊಯ್ಯುವ ಕೆಲಸವೂ ಇರಲಿಲ್ಲ. ಆ ಹತ್ತು ದಿನವೂ ಹಸು ಒದೆಯಲಿಲ್ಲ. "ಲಾಟೀನು ಕಂಡು ಅದಕ್ಕೆ ಅಜ್ಜಿಯ ಕಾಲ ನೆನಪಾಯ್ತೋ ಏನೋ" ಎಂದು ಅತ್ತೆ ನಕ್ಕರು. ನಾವೂ ನಕ್ಕೆವು.

ಆದರೆ ನನಗೆ ಹೊಸ ಹೆದರಿಕೆ ಶುರುವಾಯಿತು. ಲಾಟೀನಿನ ಪಕ್ಕದಲ್ಲೇ ಬೈಹುಲ್ಲು. ಒಂದು ವೇಳೆ ಹಸು ಒದ್ದರೆ? ಲಾಟೀನು ಉರುಳಿದರೆ? ಮೂರು ಬೆಳಗು ಇದನ್ನೇ ಎಣಿಸಿ ಎಣಿಸಿ, ಹನ್ನೊಂದನೆಯ ದಿನ ನಾನೇ ಗಂಡನಿಗೆ ಹೇಳಿದೆ: "ವಯರಿಂಗಿನವರನ್ನು ಕರೆಯಿರಿ. ಅದೆಂತ ನೇರವೋ, ಮಾಡಿಬಿಡ್ಲಿ." ಅವರು ಸಂಜೆಯೇ ಬಂದು ಮಾಡಿ ಹೋದರು. ಪೆಟ್ಟಿಗೆ ಗೋಡೆಯಲ್ಲೇ ಉಳಿಯಿತು, ಬೀಗರ ಫೋಟೋದ ಹಾಗೆ.

ಮರುದಿನ ಬೆಳಗ್ಗೆ ಐದೂವರೆ. ಮೂಡಣ ಬಿಳಿಚಿಕೊಂಡಿತ್ತು. ನಾನು ಹಿಂದಿನ ಜಗಲಿಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಅತ್ತೆ ಹಟ್ಟಿಗೆ ಹೋಗಿ ದೀಪ ಹಾಕಿದರು. ಬಲ್ಬು ಕೆಂಪಗೆ, ಆರುವ ಕೆಂಡದಂತೆ ಹತ್ತಿತು. ಕೂಡಲೇ ಹಸು ಕಾಲು ಝಾಡಿಸಿತು. ಪಾತ್ರೆ ಉರುಳಿದ ಸದ್ದು.

"ನಿನ್ನೆವರೆಗೆ ಸರಿ ಇದ್ದಿಯಲ್ಲ, ಎಂತ ರೋಗ ನಿಂಗೆ?" ಎಂದು ಅತ್ತೆ ಅದಕ್ಕೆ ಬೈದರು. ಹೊರಗೆ ಬಂದು ನನಗೆ ಕೇಳುವಂತೆ, "ಬೆಳಕೇ ಇಲ್ಲ. ಹತ್ತು ದಿನದಿಂದ ನೀರು ಕಾಣದೆ ಬುಡ ಒಣಗಿದೆ" ಎಂದು ಬಾವಿಕಟ್ಟೆಯತ್ತ ಚೆಂಬು ಹಿಡಿದು ನಡೆದರು.

ನಾನು ತುರಿಯುತ್ತಲೇ ಇದ್ದೆ. ಬುಡ ಒಣಗಿದರೆ ಬೆಳಕು ಯಾಕೆ ಕಡಿಮೆಯಾಗಬೇಕು? ಬಲ್ಬೇನು ಬಸಳೆ ಬಳ್ಳಿಯೇ? ಕತ್ತೆತ್ತಿದೆ. ಬಿಳಿಚಿದ ಆಕಾಶಕ್ಕೆ ಎದುರಾಗಿ, ಮನೆಯಿಂದ ಹಟ್ಟಿಗೆ ಹೋದ ತಂತಿ ಗೆರೆ ಎಳೆದಂತೆ ಕಾಣುತ್ತಿತ್ತು. ಒಂದೇ ತಂತಿ. ಏಳು ವರ್ಷ ಅದರ ಕೆಳಗೆ ಬಟ್ಟೆ ಒಣಹಾಕಿದ್ದೇನೆ, ಒಂದು ದಿನವೂ ಎಣಿಸಿರಲಿಲ್ಲ. ಹೋಗುವ ನಲವತ್ತು ಮಕ್ಕಳು ಇದರಲ್ಲಿ ಹೋದರೆ, ಹಿಂದೆ ಬರುವುದು ಯಾವುದರಲ್ಲಿ?

ನೆಲದಲ್ಲಿ. ಆ ಪೈಪಿನಿಂದ ಇಳಿದು, ನೆಲದಲ್ಲಿ. ಅದಕ್ಕೇ ನೀರು. ಅದಕ್ಕೇ ಹಸು. ಅದಕ್ಕೇ ಅತ್ತೆಯ ಬಲಗೈ. ಈಗ ಹತ್ತು ದಿನದ ಬಿಸಿಲಿಗೆ ನೆಲ ಒಣಗಿ ಕರೆಂಟಿಗೆ ಇಳಿಯಲು ದಾರಿಯಿಲ್ಲ. ಪೈಪಿನಲ್ಲೇ ನಿಂತಿದೆ, ಯಾರಾದರೂ ಮುಟ್ಟಲಿ ಎಂದು ಕಾದುಕೊಂಡು.

"ಅತ್ತೆ! ಮುಟ್ಟಬೇಡಿ! ಜಾಗ್ರತೆ!"

"ಹ್ಞೂಂ" ಎಂದರು ಅತ್ತೆ, ತಿರುಗದೆ. ಚೆಂಬು ತುಂಬಿತ್ತು. ಬರಿಗಾಲು ಒದ್ದೆಯಾಗಿತ್ತು.

"ಅತ್ತೆ, ಪೈಪು ಹಿಡಿಯಬೇಡಿ!"

"ಹಿಡಿತೇನೆ ಮಾರಾಯ್ತಿ, ಹಿಡಿತೇನೆ. ಜಾರುವುದಿಲ್ಲ."

ನಾನು ಹೇಳಿಕೊಟ್ಟ ಪಾಠ ಅವರಿಗೆ ಅಷ್ಟು ಬಾಯಿಪಾಠವಾಗಿತ್ತು. ಹಿಡಿಯಬೇಡಿ ಎಂದದ್ದೂ ಹಿಡಿಯಿರಿ ಎಂದೇ ಕಿವಿಗೆ ಬಿತ್ತು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಕೂಗಿದವಳ ಹನ್ನೊಂದನೆಯ ಕೂಗಿಗೆ ಯಾರು ನಿಲ್ಲುತ್ತಾರೆ? ಓಡಿಹೋಗಿ ಎಳೆಯುವಷ್ಟು ಹೊತ್ತಿರಲಿಲ್ಲ. ಹಟ್ಟಿ ಅಂಗಳದ ಆಚೆ ಬದಿಗೆ, ಅವರು ಹಟ್ಟಿಯ ಮೂಲೆ ತಿರುಗುತ್ತಿದ್ದರು. ಮೈನ್ ಸ್ವಿಚ್ಚು ಚಾವಡಿಯಲ್ಲಿ. ತೆಂಗಿನಕಾಯಿ ಎಲ್ಲಿ ಬಿತ್ತೋ, ಅಡುಗೆಮನೆ, ನಡುಕೋಣೆ, ಗಡ್ಡ ಕೆರೆಯುತ್ತಿದ್ದ ಗಂಡನ ಭುಜಕ್ಕೆ ಢಿಕ್ಕಿ ಹೊಡೆದು ಚಾವಡಿ ಸೇರಿದೆ. ಮಣೆ ಹುಡುಕಲಿಲ್ಲ. ಒದ್ದೆ ಕೈಯಲ್ಲೇ ಹಿಡಿಯನ್ನು ಹಿಡಿದು ಕೆಳಗೆ ಎಳೆದೆ.

ಕತ್ತಲು. ಆಮೇಲೆ ಸದ್ದೇ ಇಲ್ಲ.

ಎಳೆದದ್ದು ಮೊದಲೋ, ಅವರು ಹಿಡಿದದ್ದು ಮೊದಲೋ? ಹಿಡಿಯನ್ನು ಬಿಡದೆ ಹಿತ್ತಿಲಿನ ಕಡೆಗೆ ಕಿವಿಗೊಟ್ಟೆ.

"ಏಯ್!" ಹಿತ್ತಿಲಿನಿಂದ ಕೇಳಿತು. "ಪೆಟ್ಟಿಗೆ ತಪ್ಪಿಸಿದ ಮೇಲೂ ಹೋಯ್ತಲ್ಲ ಕರೆಂಟು! ಈಗ ಯಾರ ತಲೆಗೆ ಕಟ್ಟುತ್ತೀ?"

ನಾನು ಚಾವಡಿಯ ನೆಲದಲ್ಲೇ ಕೂತುಬಿಟ್ಟೆ. ಅರ್ಧ ಮುಖಕ್ಕೆ ಸಾಬೂನು ಮೆತ್ತಿಕೊಂಡ ಗಂಡ, "ಗುಡುಗಿತಾ?" ಎಂದು ಕೇಳಿದರು.

ಅವತ್ತು ಅವರ ಬಂಟ್ವಾಳದ ಬಸ್ಸು ತಪ್ಪಿತು. ಹತ್ತು ಗಂಟೆಗೆ ವಯರಿಂಗಿನವರು ಬಂದರು. ಹಟ್ಟಿಯ ಹಿಂದೆ ಹೋಗಿ, ಬಲ್ಬಿನಿಂದ ಗೋಡೆಯಿಳಿದು ಪೈಪಿಗೆ ಸುತ್ತಿದ್ದ ತಂತಿ ನೋಡಿದರು. ಮೈನ್ ಹಾಕಿಸಿ, ದೀಪ ಹಾಕಿ, ಟೆಸ್ಟರಿನ ತುದಿಯನ್ನು ಪೈಪಿಗೆ ತಾಗಿಸಿದರು. ಟೆಸ್ಟರು ಬಲ್ಬಿಗಿಂತ ಚೆನ್ನಾಗಿ ಉರಿಯಿತು. ಕೈ ಹಿಂದೆ ತೆಗೆದು ದೀಪ ಆರಿಸಿ ಬಂದರು.

"ಅದು ಟೆಂಪರರಿ ಮಾಡಿದ್ದು ಟೀಚರೇ."

"ಏಳು ವರ್ಷ ಆಯ್ತು."

"ಹೌದು. ಮತ್ತೆ ನೀವೂ ನೆನಪು ಮಾಡ್ಲಿಲ್ಲ ಅಲ್ವಾ." ಆಮೇಲೆ ಮೆಲ್ಲನೆ, "ಅಮ್ಮ ಇದನ್ನು ಹಿಡ್ಕೊಳ್ಳುದಿತ್ತಾ? ಹಿಡ್ಕೊಳ್ಳಿ ಅಂತ ನಾನು ಹೇಳಿರ್ಲಿಲ್ಲ" ಎಂದರು.

ಗಂಡ ತಾಯಿಯ ಕಡೆ ತಿರುಗಿ, "ಹೌದಮ್ಮ, ಹಿಡ್ಕೊಳ್ಳಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು.

ಅತ್ತೆ ನನ್ನನ್ನು ನೋಡಿದರು. ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಂಡರು. "ಯಾರು ಹೇಳುವುದು? ನನ್ನ ಮೊಣಕಾಲು ಹೇಳಿತು" ಎಂದು ಹಸುವಿಗೆ ಹುಲ್ಲು ಹಾಕಲು ಹೋದರು.

ವಯರಿಂಗಿನವರು ಚಹಾ ಬೇಡವೆಂದರು. ಸಂಜೆಯೊಳಗೆ ಎರಡನೆಯ ತಂತಿ ಎಳೆದು, ಪೈಪನ್ನು ಕಿತ್ತು, ಪೆಟ್ಟಿಗೆಯನ್ನು ಮತ್ತೆ ಜೋಡಿಸಿದರು. ಹಟ್ಟಿಯ ದೀಪ ಹಾಕಿದರೆ ಈಗ ಪೆಟ್ಟಿಗೆ ಬೀಳಲಿಲ್ಲ. ಬಲ್ಬು ನೀರು ಕೇಳಲಿಲ್ಲ. ಹಸುವಂತೂ ಅದರ ಕೆಳಗೆ ಮೆಲುಕು ಹಾಕುತ್ತಾ ನಿಂತಿತು. ಎಣ್ಣೆಯ ಬಾಟಲಿ ಅರ್ಧಕ್ಕೇ ಕಪಾಟು ಸೇರಿತು. ಪೈಪು ಹಿಡಿಯುವ ಆ ಸಲಹೆ ಯಾರದೆಂದು ಅತ್ತೆ ಕಡೆಯವರೆಗೂ ಬಾಯಿ ಬಿಡಲಿಲ್ಲ. ನಾನೂ ಇವತ್ತಿನವರೆಗೆ ಹೇಳಿರಲಿಲ್ಲ.

ನನ್ನ "ಜಾಗ್ರತೆ"ಗಳಿಗೆ ಆಮೇಲೆಯೂ "ಹ್ಞೂಂ" ಎಂಬುದೇ ಉತ್ತರ. ಒಂದು ಮಾತ್ರ ಬದಲಾಯಿತು. ಬೆಳಗ್ಗೆ ಹಟ್ಟಿಯ ಸ್ವಿಚ್ಚಿಗೆ ಕೈ ಚಾಚುವ ಮೊದಲು ಅತ್ತೆ ಅಂಗಳದ ಆಚೆಯಿಂದ ಕೂಗುತ್ತಿದ್ದರು, "ಹಾಕ್ಲಾ?"

ನಾನು ಚಾವಡಿಗೆ ಹೋಗಿ ಪೆಟ್ಟಿಗೆಯ ಹಿಡಿ ಮೇಲಿದೆಯೇ ಎಂದು ನೋಡಿ ಬರುವವರೆಗೆ ಅವರು ಕತ್ತಲಲ್ಲಿ ಕಾದು ನಿಲ್ಲುತ್ತಿದ್ದರು.

"ಹಾಕಿ ಅತ್ತೆ."