ಒನಕೆ ನಿಲ್ಲಿಸಿದ ದೇವಕೆಮ್ಮ ಟೀಚರ್

ದೇವಕೆಮ್ಮ ಟೀಚರ್ ಎಂಥ ಬಿಸಿಲಿಗೂ ಛತ್ರಿ ಹಿಡಿಯುತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲೆಂದರೆ ಸುಮ್ಮನಲ್ಲ. ಏಪ್ರಿಲ್ ತಿಂಗಳಲ್ಲಿ ಶಹಾಪುರದ ಗುಡ್ಡದ ಕಲ್ಲುಗಳು ಹೊತ್ತು ಮುಳುಗಿದ ಮೇಲೂ ಕೈ ಸುಡುತ್ತವೆ. ಆ ಬಿಸಿಲಿನಲ್ಲಿ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ ನಿಲ್ಲುವಲ್ಲಿಂದ ಶಾಲೆಯವರೆಗೂ ತಮ್ಮ ನೆರಳನ್ನೇ ನೋಡಿಕೊಳ್ಳುತ್ತ ನಡೆದು ಬರುತ್ತಿದ್ದರು. ಒಂದು ಛತ್ರಿ ಇಟ್ಟುಕೊಳ್ಳಬಾರದೆ ಎಂದು ಯಾರಾದರೂ ಕೇಳಿದರೆ, "ಛತ್ರಿ ಹಿಡದ್ರ ನೆರಳು ಕೆಡತದ್ರಿ. ನನ್ನ ನೆರಳು ಎಲ್ಲಿ ಬಿದ್ದದ ಅಂತ ನಂಗ ಗೊತ್ತಾಗಬೇಕಲ್ಲ?" ಎನ್ನುತ್ತಿದ್ದರು. ಟೈಮೆಷ್ಟು ಎಂದು ಕೇಳಿದರೆ ಕಾಲಬುಡ ನೋಡಿ ಹೇಳುವರು. ನಾನು ಕದ್ದು ಮೊಬೈಲ್ ತೆಗೆದು ಹೋಲಿಸುತ್ತಿದ್ದೆ. ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದು ನೆನಪಿಲ್ಲ. ಒಂದು ದಿನವಾದರೂ ತಪ್ಪಲಿ ಎಂದು ನಾನು ಎಷ್ಟು ಕಾದಿದ್ದೇನೆಂಬುದು ನನಗೊಬ್ಬನಿಗೇ ಗೊತ್ತು.

ನಾನು ಎಮ್ಮೆಸ್ಸಿ ಮಾಡಿದವನು. ಶಹಾಪುರದ ಪಕ್ಕದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅದೇ ಕಾಂಪೌಂಡಿನ ಪ್ರಾಥಮಿಕ ಶಾಲೆಯಲ್ಲಿ ಅವರು ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಅಕ್ಷರ ತಿದ್ದಿಸುವವರು. ಕಲಬುರಗಿಯ ಪತ್ರಿಕೆಯೊಂದರಲ್ಲಿ ಪ್ರತಿ ಭಾನುವಾರ ನನ್ನ ಅಂಕಣ ಬರುತ್ತಿತ್ತು, ಖಗೋಳ ವಿಜ್ಞಾನದ ಇತಿಹಾಸದ ಮೇಲೆ. ಬ್ಯಾಬಿಲೋನಿನವರು ಗ್ರಹಣದ ಲೆಕ್ಕಗಳನ್ನು ಮಣ್ಣಿನ ಹಲಗೆಗಳ ಮೇಲೆ ಕೊರೆದಿಟ್ಟದ್ದು, ಈಜಿಪ್ಟಿನಲ್ಲಿ ಒಬ್ಬ ಗ್ರಂಥಪಾಲಕ ಒಂದೂರಿನ ಬಾವಿಯ ತಳಕ್ಕೆ ಬಿದ್ದ ಬಿಸಿಲನ್ನೂ ಇನ್ನೊಂದೂರಿನ ಕಂಬದ ನೆರಳನ್ನೂ ಹಿಡಿದು ಭೂಮಿಯ ಸುತ್ತಳತೆ ಕಂಡುಹಿಡಿದದ್ದು, ನಮ್ಮದೇ ವಿಭೂತಿಹಳ್ಳಿಯ ಹೊಲಗಳಲ್ಲಿ ಯಾವ ಕಾಲದವರೋ ಸಾಲುಸಾಲಾಗಿ ಇಟ್ಟುಹೋದ ಗುಂಡುಗಳು ಸೂರ್ಯನ ದಿಕ್ಕು ಹಿಡಿದಿವೆಯೋ ಇಲ್ಲವೋ ಎಂದು ಬಲ್ಲವರು ಜಗಳಾಡುವುದು, ಎಲ್ಲ ಬರೆದೆ. ಇಷ್ಟು ಬರೆದವನನ್ನು ಊರು 'ಸೈನ್ಸ್ ಸರ' ಎಂದು ಕರೆಯಿತು. 'ಚುಕ್ಕಿ ಟೀಚರ್' ಎಂಬ ಹೆಸರನ್ನು ಅವರಿಗೆ ಕೊಟ್ಟಿತು. ನಮ್ಮಲ್ಲಿ ಚುಕ್ಕಿ ಎಂದರೆ ನಕ್ಷತ್ರ. ಸುಳ್ಳು ಯಾಕೆ ಹೇಳಲಿ, ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇನ್ನೂ ಉರಿಯುವ ಮಾತೆಂದರೆ, ಊರಿನಲ್ಲಿ ನನ್ನ ಅಂಕಣವನ್ನು ಒಂದು ವಾರವೂ ಬಿಡದೆ ಓದುತ್ತಿದ್ದವರು ಅವರೊಬ್ಬರೇ. ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತು, "ಸರ, ಚೆಂದ ಬರದೀರಿ. ಖರೇ ಹೇಳ್ರಿ, ಆ ಬಾವಿ ಇನ್ನೂ ಅದಾ?" ಎಂದು ಕೇಳುವರು. ಅವರು ಕೇಳುವಂಥದ್ದು ನಾನು ಓದಿದ ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ.

ಒಂದು ಸಲ ಮಳೆನಕ್ಷತ್ರಗಳ ಬಗ್ಗೆ ಬರೆದೆ. ಸೂರ್ಯ ಮೃಗಶಿರ ನಕ್ಷತ್ರ ಹೊಕ್ಕಾಗ ಬರುವ ಮಳೆಗೆ ನಮ್ಮ ರೈತರು ಮಿರಗ ಅನ್ನುತ್ತಾರೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರಗಳ ದಿನಗಳೂ ಋತುಗಳೂ ಸುಮಾರು ಎಪ್ಪತ್ತೆರಡು ವರ್ಷಕ್ಕೊಂದು ದಿನದಂತೆ ಒಂದರಿಂದೊಂದು ಸರಿಯುತ್ತವೆ. ಇದನ್ನು ವಿವರಿಸಲು ನಾನು ಮೂರು ಭಾನುವಾರ ತೆಗೆದುಕೊಂಡೆ. ಮೂರನೆಯ ವಾರ ಬಸ್ ಕಾಯುವಲ್ಲಿ ಒಬ್ಬ ಮುಪ್ಪಿನ ಮುತ್ಯಾ, "ಹಿಂದಿನವರು ಹೇಳಿದಂಗ ಮಿರಗ ದಿನಕ್ಕ ಸರಿ ಯಾಕ ಬರವಲ್ದು?" ಎಂದು ಗೊಣಗುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ದೇವಕೆಮ್ಮ ಟೀಚರ್ ಹೇಳಿಬಿಟ್ಟಿದ್ದರು.

"ಮುತ್ಯಾ, ಬಿತ್ತೂವಾಗ ಕೂರಿಗಿ ಒಂದೊಂದು ಸಾಲಿಗೆ ಕೂದಲೆಳಿಯಷ್ಟು ಸರದ್ರ ನಿನಗ ಗೊತ್ತಾಗ್ತದೇನು? ಇಲ್ಲ. ಹೊಲದ ಆ ತುದಿ ಮುಟ್ಟೂದ್ರಾಗ ಬಾಜೂ ಹೊಲದವರ ಬದುವಿನ ಮ್ಯಾಲ ಇರ್ತದ. ಚುಕ್ಕಿನೂ ಹಂಗ ಸರದಾವ. ಮಳಿ ಒಂದರ ಮ್ಯಾಲ ಸಿಟ್ಟಾಗಬ್ಯಾಡ, ಲೆಕ್ಕನೂ ಹಳೇದಾಗ್ಯಾದ."

ಮುತ್ಯಾ ತಲೆದೂಗಿದ. "ಈಗ ತಿಳೀತು ನೋಡವ್ವ" ಎಂದ. ನನ್ನ ಮೂರು ಭಾನುವಾರಗಳು ಒಂದು ಕೂರಿಗೆಯ ಕೆಳಗೆ ಹೋದವು. ನಾನು ಬಸ್ಸಿನಲ್ಲಿ ಅವರಿಂದ ದೂರ, ಹಿಂದಿನ ಸೀಟಿಗೆ ಹೋಗಿ ಕುಳಿತೆ.

ಸೂರ್ಯಗ್ರಹಣ ಬಂದಾಗ ಆದದ್ದು ಇನ್ನೂ ಹೆಚ್ಚಿನದು. ನಮ್ಮ ಕಡೆ ಗ್ರಹಣ ಹಿಡಿದಿದೆಯೋ ಇಲ್ಲವೋ ತಿಳಿಯಲು ಹಿತ್ತಾಳೆಯ ತಾಟಿನಲ್ಲಿ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ ಎಂದು ನಂಬಿಕೆ. ಇದು ಮೂಢನಂಬಿಕೆ ಎಂದು ನಾನು ಇಪ್ಪತ್ತು ವರ್ಷ ಭಾಷಣ ಮಾಡಿದ್ದೆ. ಒಂದು ಮನೆಯ ಒನಕೆಯೂ ಅದಕ್ಕೆ ಬಗ್ಗಿರಲಿಲ್ಲ.

ದೇವಕೆಮ್ಮ ಟೀಚರ್ ಭಾಷಣ ಮಾಡಲಿಲ್ಲ. ಗ್ರಹಣಕ್ಕೆ ಇನ್ನೂ ಎಂಟು ದಿನ ಇರುವಾಗ, ಊರ ಹೆಂಗಸರೆಲ್ಲ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಆ ಈರಮ್ಮಾಯಿಯ ಅಂಗಳಕ್ಕೆ ಹೋದರು. ತಾಟು ಕೇಳಿ ಇಸಿದುಕೊಂಡು, ನೀರು ಹಾಕಿ, ಆಯಿಯ ಒನಕೆಯನ್ನೇ ನಿಲ್ಲಿಸಿದರು. ಅದು ನಿಂತಿತು.

"ಇವತ್ತ ಗ್ರಹಣ ಇಲ್ಲಲ್ಲ ಯವ್ವಾ. ಹ್ಯಾಂಗ ನಿಂತು?" ಎಂದಳು ಆಯಿ.

"ಒನಕಿಗೇನು ಪಂಚಾಂಗ ಓದಾಕ ಬರ್ತದೇನು ಆಯಿ? ಬುಡ ಸಪಾಟ ಅದ, ನಿಂತದ. ನಾಳಿಗೂ ನಿಲ್ತದ."

ಆಯಿ ಮರುದಿನ ತಾನೇ ನಿಲ್ಲಿಸಿ ನೋಡಿದಳಂತೆ. ಅದರ ಮರುದಿನವೂ. ಗ್ರಹಣದ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನಾನು ಗ್ರಹಣ ನೋಡುವ ಕನ್ನಡಕಗಳನ್ನು ಹಿಡಿದು ಒಬ್ಬನೇ ನಿಂತಿದ್ದೆ. ಅವರು ಈರಮ್ಮಾಯಿಯನ್ನು ಮುಂದೆ ಮಾಡಿಕೊಂಡು ಅರ್ಧ ಊರನ್ನು ಕರೆತಂದರು, ಕೈಯಲ್ಲಿ ಜೋಳ ಸಾಣಿಸುವ ದೊಡ್ಡ ಕಣ್ಣಿನ ಸಾಣಿಗೆ. ಅದನ್ನು ಬಿಸಿಲಿಗೆ ಹಿಡಿದಾಗ ನೆಲದ ಮೇಲೆ ನೂರಾರು ಪುಟ್ಟ ಸೂರ್ಯರು ಬಿದ್ದರು. ಎಲ್ಲ ಸೂರ್ಯರೂ ಒಂದೇ ಬದಿಗೆ ಕಚ್ಚಿ ತೆಗೆದಂತಿದ್ದರು. ಹೆಂಗಸರು ನೆಲಕ್ಕೆ ಬಗ್ಗಿ ಆ ಸೂರ್ಯರನ್ನು ಎಣಿಸುತ್ತ ನಿಂತರು. ನನ್ನ ಕನ್ನಡಕಗಳನ್ನು ಕೇಳಿದವರು ಇಬ್ಬರು. ಅವರಲ್ಲಿ ಒಬ್ಬರು ದೇವಕೆಮ್ಮ ಟೀಚರ್.

ಆಮೇಲೆ ಈರಮ್ಮಾಯಿಯ ಒನಕೆ ಶಾಲೆಗೆ ಬಂದು ಅಲ್ಲೇ ಉಳಿಯಿತು. ಹಿಂದಿನ ಕಾಲದ ಲೆಕ್ಕಿಗರು ನೆಲದಲ್ಲಿ ಶಂಕು ಎಂಬ ಕೋಲನ್ನು ನೆಟ್ಟು, ಅದರ ನೆರಳಿನಿಂದ ದಿಕ್ಕು, ಹೊತ್ತು, ಋತು ಎಲ್ಲವನ್ನೂ ಅಳೆದರು ಎಂದು ನಾನು ಬರೆದದ್ದನ್ನು ಅವರು ಓದಿದ್ದರಲ್ಲ, ಒನಕೆಯನ್ನೇ ಶಂಕು ಮಾಡಿಕೊಂಡರು. ಎರಡನೆಯ ತರಗತಿಯ ಮಕ್ಕಳು ದಿನಾ ಅದರ ನೆರಳಿನ ತುದಿಗೆ ಸುಣ್ಣದ ಬೊಟ್ಟಿಡುತ್ತಿದ್ದರು. "ಮೊದಲ ನೆರಳು ಓದಾಕ ಕಲೀಲಿ, ಅಕ್ಷರ ಎಲ್ಲಿಗಿ ಹೋಗ್ತಾವ" ಎನ್ನುವರು. ನಾನು ಬರೆದದ್ದನ್ನು ಅವರು ಮಾಡುತ್ತಿದ್ದರು. ಹೆಸರು ಅವರಿಗೆ ಬರುತ್ತಿತ್ತು.

ಈಗ ನನ್ನ ತಪ್ಪಿನ ಮಾತು. ವರ್ಷದಲ್ಲಿ ಎರಡು ದಿನ ಸೂರ್ಯ ನಮ್ಮ ಊರಿನ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆಗ ನೆಟ್ಟಗೆ ನಿಂತದ್ದಕ್ಕೆ ನೆರಳೇ ಇರುವುದಿಲ್ಲ. ಒಂದು ದಿನ ಮೇ ತಿಂಗಳ ಮೊದಲ ವಾರದಲ್ಲಿ, ಇನ್ನೊಂದು ಆಗಸ್ಟಿನ ಮೋಡದಲ್ಲಿ. ಒಂದು ವರ್ಷ ಮೇ ತಿಂಗಳಲ್ಲಿ, ಬೇಸಿಗೆ ರಜೆಯಿದ್ದರೂ, ದೇವಕೆಮ್ಮ ಟೀಚರ್ ಇದನ್ನು ಊರಿಗೆಲ್ಲ ತೋರಿಸುವುದೆಂದು ಹೊರಟರು. ಸುದ್ದಿ ಹೇಗೋ ಯಾದಗಿರಿಗೆ ಮುಟ್ಟಿ, ಅಲ್ಲಿಂದ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ನೋಡಲು ಬರುತ್ತೇನೆಂದರು. ಜಿಲ್ಲೆಯ ಮಾಸ್ತರರಿಗೆ ಆಕಾಶದ ಪಾಠ ಹೇಳಲು ಒಬ್ಬರನ್ನು ಆರಿಸುವುದು ಅವರ ಕೈಯಲ್ಲಿತ್ತು. ಆ ಒಬ್ಬ ನಾನೇ ಆಗಬೇಕೆಂದು ನಾನು ಎಷ್ಟೋ ದಿನದಿಂದ ಕಾದಿದ್ದೆ.

ಹಿಂದಿನ ದಿನ ದೇವಕೆಮ್ಮ ಟೀಚರ್ ನನ್ನ ಹತ್ತಿರ ಬಂದರು. "ಸರ, ಸಾಹೇಬ್ರಿಗಿ ಎಷ್ಟಕ್ಕ ಬರ್ರಿ ಅನ್ಲಿ? ನಂದು ಅಂದಾಜು. ನೀವು ಬರೋಬ್ಬರಿ ಮಿನಿಟು ಹೇಳ್ರಿ."

ದೇಶಕ್ಕೆಲ್ಲ ಒಂದೇ ಗಡಿಯಾರ. ಅದನ್ನು ಹೊಂದಿಸಿರುವುದು ಉತ್ತರ ಪ್ರದೇಶದ ಮೇಲೆ ಹಾಯುವ ಒಂದು ರೇಖೆಗೆ. ನಾವು ಅದಕ್ಕಿಂತ ಪಡುವಣಕ್ಕಿದ್ದೇವೆ, ಸೂರ್ಯ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ. ಆ ದಿನ ಹನ್ನೆರಡು ಗಂಟೆ ಹತ್ತೊಂಬತ್ತು ನಿಮಿಷಕ್ಕೆ. ನಾನು ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

"ಹನ್ನೆರಡಕ್ಕ" ಎಂದೆ.

ಅವರು ಒಂದು ಗಳಿಗೆ ನೆಲ ನೋಡಿದರು. "ಹನ್ನೆರಡಕ್ಕೇನ್ರಿ? ಜರಾ ತಡ ಆಗ್ತದೇನೋ ಅಂತ ನಾ ತಿಳ್ಕೊಂಡಿದ್ದೆ."

"ಇದು ಲೆಕ್ಕರಿ ಟೀಚರ್."

"ಆತ್ರಿ ಸರ" ಎಂದು ಹೋದರು.

ಸಾಹೇಬರು ಹೊತ್ತಿಗೆ ಸರಿಯಾಗಿ ಬಂದರು. ಹನ್ನೆರಡಕ್ಕೆ ಒನಕೆಯ ಬುಡದಲ್ಲಿ ಅಂಗೈಯಗಲ ನೆರಳು ಬಿದ್ದಿತ್ತು. ಐದು ನಿಮಿಷ ಕಳೆಯಿತು. ನೆರಳು ಅಲ್ಲೇ ಇತ್ತು. ಹೆಂಗಸರು, ಮಕ್ಕಳು, ಈರಮ್ಮಾಯಿ, ಎಲ್ಲರೂ ದೇವಕೆಮ್ಮ ಟೀಚರರ ಮುಖ ನೋಡುತ್ತಿದ್ದರು. ಸಾಹೇಬರಿಗೆ ಸೈದಾಪುರದಲ್ಲಿ ಇನ್ನೊಂದು ಮೀಟಿಂಗ್ ಇತ್ತು. ಅವರು ನನ್ನ ಕಡೆ ತಿರುಗಿ, "ಏನ್ರಿ ಮಾಸ್ತರ, ನೀವು ಸೈನ್ಸಿನವರಲ್ಲ, ಏನಾತು?" ಎಂದರು. "ಒನಕಿ ನೆಟ್ಟಗಿಲ್ಲ ಅನಸ್ತದ್ರಿ" ಎಂದೆ. ಸಾಹೇಬರು ನಕ್ಕರು. ಹನ್ನೆರಡೂ ಹತ್ತಕ್ಕೆ ಹೊರಟರು. ಗೇಟಿನವರೆಗೆ, ಆಮೇಲೆ ಜೀಪಿನ ಕಿಟಕಿಯವರೆಗೆ ಅವರ ಜೊತೆ ಹೋಗಿ ನನ್ನ ಅಂಕಣದ ಬಗ್ಗೆ ಹೇಳಿದೆ. ಜೀಪು ಹೊರಡುವಾಗ ಹಿಂದೆ ಅಂಗಳದಲ್ಲಿ ಮಕ್ಕಳೆಲ್ಲ ಒಟ್ಟಿಗೆ ಕೂಗಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ವಾಪಸ್ಸು ಹೋಗುವಷ್ಟರಲ್ಲಿ ನೆರಳು ಒನಕೆಯ ಮೂಡಲಿಗೆ ಹೊರಳಿತ್ತು.

"ಟೈಮ ತಪ್ಪಿತು ನೋಡ್ರಿ ಸರ" ಎಂದರು ಅವರು. "ಒನಕಿ ನಾನೇ ಸೊಟ್ಟ ಇಟ್ಟಿರಬೇಕು."

ಯಾದಗಿರಿಯ ಕರೆ ನನಗೇ ಬಂತು. ಶಾಲು ಹೊದಿಸಿದರು, ಹಾರ ಹಾಕಿದರು, ನಾನು ಬ್ಯಾಬಿಲೋನಿನಿಂದ ಶುರುಮಾಡಿ ಎರಡು ಗಂಟೆ ಮಾತಾಡಿದೆ. ಮಾಸ್ತರರು ಮೊಬೈಲ್ ನೋಡಿಕೊಂಡು ಕುಳಿತರು. ಇತ್ತ ದೇವಕೆಮ್ಮ ಟೀಚರ್ ಬದಲಾದರು. ಮಕ್ಕಳು ಏನಾದರೂ ಕೇಳಿದರೆ, "ತಡೀರಿ, ಸೈನ್ಸ್ ಸರಗ ಕೇಳಿ ಹೇಳ್ತೀನಿ" ಎನ್ನತೊಡಗಿದರು. ಒನಕೆಯನ್ನು ಬಡಿಗೇರರ ಹತ್ತಿರ ಒಯ್ದು ಬುಡ ಕೆತ್ತಿಸಿಕೊಂಡು ಬಂದರು. ಅದಕ್ಕೂ ಮನಸ್ಸು ಒಪ್ಪಲಿಲ್ಲವೇನೋ, ಕೊನೆಗೆ ಈರಮ್ಮಾಯಿಗೆ ತಿರುಗಿ ಕೊಟ್ಟರು. ನನಗೆ ಬೇಕಾದದ್ದೆಲ್ಲ ಆಗಿತ್ತು. ಆದರೂ ಊರು ಅವರನ್ನು ಚುಕ್ಕಿ ಟೀಚರ್ ಎಂದೇ ಕರೆಯುತ್ತಿತ್ತು, ನನಗೆ ಅದು ಚುಚ್ಚುತ್ತಲೇ ಇತ್ತು.

ಎರಡು ವರ್ಷಕ್ಕೆ ಅವರು ನಿವೃತ್ತರಾಗಿ ಸುರಪುರಕ್ಕೆ, ತಂಗಿಯ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಅದಕ್ಕೆ ಮೊದಲು ನಾನು ಒಮ್ಮೆ ಹೋಗಿ ಕಂಡಿದ್ದೆ. ಪ್ರೀತಿಗೆ ಹೋದೆ ಎಂದರೆ ಸುಳ್ಳಾದೀತು. ಗಡಿಯಾರ ಬರುವ ಮುಂಚೆ ಊರೂರಿಗೆ ಬೇರೆ ಬೇರೆ ಮಧ್ಯಾಹ್ನ ಇತ್ತು ಎಂಬುದರ ಬಗ್ಗೆ ಅಂಕಣ ಬರೆಯುತ್ತಿದ್ದೆ. 'ನಮ್ಮ ಶಹಾಪುರದಲ್ಲಿ ಮೇ ಮೊದಲ ವಾರ ಸೂರ್ಯ ನೆತ್ತಿಗೆ ಬರುವುದು' ಎಂದು ಬರೆದ ಮೇಲೆ, ಗಂಟೆ ನಿಮಿಷ ಹಾಕಬೇಕಾದಲ್ಲಿ ಪೆನ್ನು ನಿಂತಿತು. ಭಾನುವಾರ ಅವರು ಅದನ್ನು ಓದುತ್ತಾರೆ. ಪತ್ರಿಕೆಯಿಂದ ತಿಳಿಯುವ ಮೊದಲು ನನ್ನ ಬಾಯಿಂದ ತಿಳಿಯಲಿ ಎಂದು ಶನಿವಾರ ಬಸ್ ಹತ್ತಿದೆ.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಬಹಳ ಸೊರಗಿದ್ದರು. "ಬರ್ರಿ ಸರ, ಕೂಡ್ರಿ" ಎಂದು ಮೊರ ಸರಿಸಿದರು. ನಾನು ಕೂರದೆ, ನಿಂತೇ ಹೇಳಿದೆ.

"ಟೀಚರ್, ಅವತ್ತು ನೆರಳು ಹೋಗೋ ಟೈಮ ಹನ್ನೆರಡೂ ಹತ್ತೊಂಬತ್ತಿತ್ತು. ನನಗ ಗೊತ್ತಿತ್ತು. ಬೇಕಂತ ಹನ್ನೆರಡು ಅಂದೆ. ಒನಕಿ ಸೊಟ್ಟ ಇರಲಿಲ್ಲ."

ಅವರ ಕೈ ನಿಂತಿತು. ಬೈಯಲಿ ಎಂದು ಕಾದೆ.

"ಹಂಗಾದ್ರ ನಾ ನೋಡಿದ್ದು ತಪ್ಪಲ್ಲ" ಎಂದರು ಮೆಲ್ಲಗೆ. ಮುಖ ಅರಳುತ್ತ ಬಂತು. "ಸಾಲಿ ಗಂಟಿ ಹನ್ನೆರಡು ಹೊಡದಾಗ ನೆರಳು ಇನ್ನೂ ಪಡುವಲಕ್ಕ ಇರೋದು ಇಪ್ಪತ್ತೆಂಟು ವರ್ಷ ನೋಡೀನ್ರಿ ಸರ. ನೀವು ಅಂದ ಮ್ಯಾಲ ನನ್ನ ಕಣ್ಣೇ ಸುಳ್ಳು ಅನ್ಕೊಂಡೆ. ಆಮ್ಯಾಲ ಯಾವ ಮಗೀಗೂ ಧೈರ್ಯದಿಂದ ಒಂದು ಮಾತು ಹೇಳಾಕ ಆಗ್ಲಿಲ್ಲ ನೋಡ್ರಿ."

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ತಪ್ಪಾಯಿತು ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವರು ಆಗಲೇ ಬೇರೆ ಏನನ್ನೋ ಯೋಚಿಸುತ್ತಿದ್ದರು.

"ಸರ, ಅವತ್ತು ನೀವು ಜೀಪಿನ ಹತ್ರ ಇದ್ರಿ. ನೆರಳು ಹೋಗಿದ್ದು ನೋಡಿದ್ರೇನು?"

"ಇಲ್ಲ."

"ಅದರ ಮೊದಲ ಯಾವಾಗರ?"

"ಇಲ್ರಿ. ಬರದೀನಿ, ನೋಡಿಲ್ಲ."

"ಅಯ್ಯ ಪಾಪ" ಎಂದರು. ಆ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎರಡನೆಯ ತರಗತಿಯ ಮಗುವಿಗೆ ಹೇಳುವಂತೆ ಹೇಳತೊಡಗಿದರು: ನೆರಳು ಮೊದಲು ಎರಡು ಬೆರಳಾದದ್ದು, ಆಮೇಲೆ ಒಂದಾದದ್ದು, ಒನಕೆಯ ಬುಡದ ಕಬ್ಬಿಣದ ಬಳೆಯೊಳಗೆ ಹೊಕ್ಕು ಇಲ್ಲವೇ ಆದದ್ದು, ಆಗ ಈರಮ್ಮಾಯಿ ಬಗ್ಗಿ ಅದನ್ನು ಒನಕೆಯ ಸುತ್ತ ಹುಡುಕಿದ್ದು. ನಾನು ತಲೆ ತಗ್ಗಿಸಿ ಕೇಳಿದೆ. ಒಂದೊಂದು ಮಾತಿಗೂ, ಅದನ್ನು ಕಂಡ ಆ ಕಣ್ಣುಗಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.