ಗಿರಿಜಾಂಬ ಕಿತ್ತಳೆ ಕವಚ ತೊಟ್ಟದ್ದು

ಮರಳವಾಡಿಯಲ್ಲಿ ಗಿರಿಜಾಂಬ ಜಗಳವಾಡದ ಮನೆಯೊಂದು ಇದ್ದರೆ, ಆ ಮನೆಗೆ ಇನ್ನೂ ಬಾಗಿಲು ಇಟ್ಟಿಲ್ಲವೆಂದೇ ಅರ್ಥ. ರಾಗಿ ಮಿಲ್ಲಿನ ಒಡತಿಯಾದ ಈ ವೀರವನಿತೆಗೆ ಐವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ತಾನೇ ಮಿಲ್ಲು ನಡೆಸುತ್ತ, ಅದರ ಸದ್ದನ್ನು ಮೀರಿಸಿ ಮಾತಾಡುವುದು ರೂಢಿಯಾಯಿತು. ಕರೆಂಟು ಹೋಗಿ ಮಿಲ್ಲು ನಿಂತಾಗಲೂ ಆ ಗಂಟಲು ಇಳಿಯಲಿಲ್ಲ. ರಾಗಿ ತಂದವರಿಗೆ ಹಿಟ್ಟಿನ ಜೊತೆಗೆ ಅವರ ಮಗನ ಸೋಮಾರಿತನ, ಸೊಸೆಯ ಬಾಯಿ, ಅಜ್ಜ ಬದು ಒತ್ತಿದ ಚರಿತ್ರೆ ಎಲ್ಲವನ್ನೂ ನುಣ್ಣಗೆ ಬೀಸಿ ಕೊಡುತ್ತಿದ್ದಳು. ಊರು ಹಲ್ಲು ಕಚ್ಚಿ ಸಹಿಸಿತ್ತು. ಇನ್ನೊಂದು ಮಿಲ್ಲು ದೂರವಿತ್ತು.

ಅವಳ ಪಟ್ಟದ ವೈರಿಗಳು ಪಕ್ಕದ ಮನೆಯ ಮರಿಯಪ್ಪ ಮತ್ತು ಅವನ ಹೆಂಡತಿ ವೆಂಕಟಲಕ್ಷ್ಮಮ್ಮ. ಇಬ್ಬರೂ ರೇಷ್ಮೆ ಹುಳು ಸಾಕುವವರು. ಹುಳು ಎಂದರೆ ಬಾಣಂತಿಗಿಂತ ನಾಜೂಕು. ಧೂಳು ಆಗದು, ಹೊಗೆಸೊಪ್ಪಿನ ಗಾಳಿ ಆಗದು, ಹೊರಗಿನವರ ಕಾಲು ಆಗದು, ಕೆಟ್ಟ ಕಣ್ಣಂತೂ ಆಗಲೇ ಆಗದು. ಇವರ ಹುಳುಮನೆಗೋ ಗೋಡೆಯಾಚೆ ಹಿಟ್ಟಿನ ಧೂಳು, ಗೋಡೆಯ ಮೇಲೆ ಗಿರಿಜಾಂಬನ ಕಣ್ಣು. ಒಂದು ಬೆಳೆ ಕೈಕೊಟ್ಟಾಗ ಮರಿಯಪ್ಪ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟ: ತಪ್ಪೆಲ್ಲ ಆ ಕಣ್ಣಿನದು. ಅಂದಿನಿಂದ ಹುಳುಮನೆಯ ಬಾಗಿಲಿಗೆ ಒಳಗಡೆಯಿಂದ ಚಿಲಕ ಬಿತ್ತು, ಮಿಲ್ಲಿನ ಕಡೆಯ ಕಿಟಕಿಗೆ ಗೋಣಿತಾಟು ಬಿತ್ತು.

ಹೀಗಿರುವಾಗ, ಬೆಂಕಿ, ನೆರೆ, ಅಪಘಾತಗಳಲ್ಲಿ ಮೊದಲು ಓಡಿಬರುವ ಸ್ವಯಂಸೇವಕರು ಬೇಕು, ಕನಕಪುರದಲ್ಲಿ ತರಬೇತಿ ಕೊಡುತ್ತಾರೆ ಎಂದು ಪಂಚಾಯಿತಿಯವರು ಸಾರಿದರು. ಊರ ಗಂಡಸರಿಗೆಲ್ಲ ಒಮ್ಮೆಗೇ ಸೊಂಟನೋವು ಕಾಣಿಸಿಕೊಂಡಿತು. ಮರಿಯಪ್ಪ ಮಾತ್ರ ಟೀ ಅಂಗಡಿಯಲ್ಲಿ ಕೂತು, ಊರಿಗೆ ಬೆಂಕಿ ಹಚ್ಚೋಳು ಮಿಲ್ಲಲ್ಲೇ ಇರುವಾಗ ಆರಿಸೋರು ಎಷ್ಟು ಜನ ಇದ್ದರೆ ತಾನೆ ಏನು ಎಂದು ನಕ್ಕನಂತೆ. ನಗು ಮುಗಿಯುವ ಮೊದಲೇ ಮಾತು ಮಿಲ್ಲು ತಲುಪಿತ್ತು. ಗಿರಿಜಾಂಬ ಅರ್ಧ ಬೀಸಿದ ರಾಗಿಯನ್ನು ಹಾಗೇ ಬಿಟ್ಟು, ಬೀಗ ಜಡಿದು ಹೋಗಿ ಹೆಸರು ಕೊಟ್ಟಳು. ಊರಿನ ಮೇಲಿನ ಪ್ರೀತಿಯಿಂದಲ್ಲ, ಊರಿನ ಮೇಲಿನ ಸಿಟ್ಟಿನಿಂದ.

ತರಬೇತಿ ಕೊಟ್ಟ ಮುಬಶ್ಶಿರ್ ಮೆತ್ತಗಿನ ಮನುಷ್ಯ. ಮೊದಲು ನೀವು ಉಳಿಯಿರಿ, ಆಮೇಲೆ ಬೇರೆಯವರನ್ನು ಉಳಿಸಿ ಎಂದು ಅವನು ಹೇಳಿದಾಗ, ಇಷ್ಟು ದಿನ ತಾನು ಬಾಳಿದ ತತ್ವಕ್ಕೆ ಸರ್ಕಾರದ ಒಪ್ಪಿಗೆಯೇ ಸಿಕ್ಕಿತೆಂದು ಗಿರಿಜಾಂಬ ತಲೆಯಾಡಿಸಿದಳು. ಕಿತ್ತಳೆ ಜಾಕೆಟ್ಟೆಂಬ ಕವಚ, ಹಳದಿ ಹೆಲ್ಮೆಟ್ಟೆಂಬ ಕಿರೀಟ, ಸೀಟಿಯೆಂಬ ಪಾಂಚಜನ್ಯ ಧರಿಸಿ ಊರಿಗೆ ಮರಳಿದಳು.

ಸ್ವಯಂಸೇವೆಯ ಲಾಭಗಳು ಅಂದೇ ಶುರುವಾದವು. ಜನ್ಮದಲ್ಲಿ ಅವಳಿಗೆ ಹೊಸ್ತಿಲು ತುಳಿಯಗೊಡದ ಊರಿನ ಉಳಿದ ವೈರಿಗಳ ಅಡುಗೆಮನೆಗೆ ಗ್ಯಾಸ್ ಪೈಪು ನೋಡುವ ನೆಪದಲ್ಲಿ ನುಗ್ಗಿದಳು. ಮಾಡಿನ ಜೇಡರಬಲೆಗೂ ಬೈದು ಬಂದಳು. ಊರಿನ ದೊಡ್ಡ ಹಿಡುವಳಿದಾರ ಬಸವಲಿಂಗಯ್ಯನವರ ಟ್ರಾಕ್ಟರು ರಸ್ತೆಗೆ ಅಡ್ಡ ನಿಂತರೆ ಅವರು ಎದ್ದು ಬರುವವರೆಗೆ ಸೀಟಿ ಊದಿದಳು. ಮರಿಯಪ್ಪನಿಗೆ ಗೋಡೆಯ ಮೇಲಿಂದಲೇ ಕೂಗಿ, ಮುಚ್ಚಿದ ಮನೆಯೊಳಗೆ ಇದ್ದಿಲ ಒಲೆ ಇಟ್ಟರೆ ಉಸಿರು ಕಟ್ಟಿ ಸಾಯುತ್ತೀಯ ಎಂದು ಎಚ್ಚರಿಸಿದಳು. ಅವಳ ಬಾಯಲ್ಲಿ ‘ಸಾಯುತ್ತೀಯ’ ಎಂಬುದು ದಿನನಿತ್ಯದ ಮಾತಾದ್ದರಿಂದ ಮರಿಯಪ್ಪ ಅದನ್ನು ಶಾಪವೆಂದೇ ತಿಳಿದ. ಉಳಿದಿದ್ದ ಒಂದು ಗವಾಕ್ಷಿಗೂ ಬಟ್ಟೆ ತುರುಕಿದ.

ಧನುರ್ಮಾಸದ ಚಳಿ. ಹುಳು ನಾಲ್ಕನೇ ಜ್ವರದಿಂದೆದ್ದು, ಅಂದರೆ ಕೊನೆಯ ಪೊರೆ ಕಳಚಿ, ಸೊಪ್ಪು ಮೇಯುವ ಹೊತ್ತು. ಬೆಚ್ಚಗಿಡದಿದ್ದರೆ ಬೆಳೆ ಹೋಯಿತು. ಮರಿಯಪ್ಪ ಇದ್ದಿಲು ಹೊತ್ತಿಸಿ, ಚಿಲಕ ಹಾಕಿಕೊಂಡು ಹುಳುಮನೆಯಲ್ಲೇ ಮಲಗಿದ್ದ. ಬಿಸಿಲು ಬಂದ ಮೇಲೆ ವೆಂಕಟಲಕ್ಷ್ಮಮ್ಮ ಸೊಪ್ಪಿನ ಕುಕ್ಕೆ ಹೊತ್ತು ಬಂದು ಬಾಗಿಲು ತಟ್ಟಿದಳು. ಉತ್ತರವಿಲ್ಲ. ಯಾರೋ ಅವನ ಫೋನಿಗೆ ಕರೆ ಮಾಡಿದರು. ಅದು ಒಳಗೇ ಬಡಕೊಂಡು ಬಡಕೊಂಡು ಸುಮ್ಮನಾಯಿತು.

ಜನ ಸೇರಿತು, ಚರ್ಚೆಯೂ ಸೇರಿತು. ಬಾಗಿಲು ಒಡೆದರೆ ಚಳಿ ನುಗ್ಗುತ್ತದೆ. ಒಡೆದರೂ ಒಳಗೆ ಹೋಗುವವರು ಯಾರು? ಒಬ್ಬ ಸಾವಿನ ಮನೆಗೆ ಹೋಗಿ ಬಂದವನು, ಇನ್ನೊಬ್ಬನ ಬಾಯಲ್ಲಿ ಹೊಗೆಸೊಪ್ಪು, ಮತ್ತೊಬ್ಬನಿಗೆ ಸ್ನಾನವಾಗಿಲ್ಲ. ಹುಳುಮನೆಗೆ ಕಾಲಿಡುವಷ್ಟು ಮಡಿಯವನು ಇಡೀ ಗುಂಪಿನಲ್ಲಿ ಸಿಗಲಿಲ್ಲ. ಹೀಗೆ ಊರು ಹುಳುವಿನ ಕ್ಷೇಮ ವಿಚಾರಿಸುತ್ತಿರಲು, ಒಳಗೆ ಮರಿಯಪ್ಪ ಸಾಯುವುದರಲ್ಲಿದ್ದ.

ಆಗ ಕವಚಧಾರಿಣಿ ಬಂದಳು, ಕೈಯಲ್ಲಿ ಮಿಲ್ಲಿನ ಹಾರೆ. ವೆಂಕಟಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನೀನೊಬ್ಳು ಬ್ಯಾಡ ಕಣಮ್ಮಿ. ಹುಳ ಎಲ್ಲ ಸತ್ತೋಯ್ತವೆ.”

“ಹುಳದ ಜೊತೆ ನಿನ್ ಗಂಡನೂ ಅವ್ನೆ ಒಳಗೆ. ಯಾವ್ದು ಬೇಕು, ಬೇಗ ಹೇಳು.”

ವೆಂಕಟಲಕ್ಷ್ಮಮ್ಮನ ಚಾಚಿದ್ದ ಕೈ ಕೆಳಗಿಳಿಯಿತು.

ಗಿರಿಜಾಂಬ ಗೋಣಿತಾಟು ಹರಿದು ಕಿಟಕಿಯ ಗಾಜು ಪುಡಿ ಮಾಡಿದಳು, ಆ ಸದ್ದು ಅವಳಿಗೆ ಹಿತವಾಗಿಯೇ ಕೇಳಿಸಿತು. ಗವಾಕ್ಷಿಯ ಬಟ್ಟೆ ಕಿತ್ತಳು. ನಾಲ್ವರಿಗೆ ಬೈದು ಹಾರೆ ಕೊಟ್ಟು ಬಾಗಿಲು ಮೀಟಿಸಿದಳು. ಬಾಗಿಲು ಬಿದ್ದದ್ದೇ ಬಸವಲಿಂಗಯ್ಯನವರು ಶೂರರಂತೆ ಒಳನುಗ್ಗಿದರು. ಅವಳು ಸೀಟಿ ಊದಿ, ಪಂಚೆ ಹಿಡಿದು ಹಿಂದಕ್ಕೆಳೆದಳು. ಮೊದಲಿನ ಗಿರಿಜಾಂಬ ಆಗಿದ್ದರೆ ಎಲ್ಲರಿಗಿಂತ ಮುಂದೆ ತಾನೇ ನುಗ್ಗಿ, ಆ ಕೆಟ್ಟ ಗಾಳಿ ಕುಡಿದು, ಮರಿಯಪ್ಪನ ಪಕ್ಕದಲ್ಲೇ ಉರುಳುತ್ತಿದ್ದಳು. ವೈರಿಯ ಮಗ್ಗುಲಲ್ಲಿ ಹೆಣವಾಗುವುದಕ್ಕಿಂತ ದೊಡ್ಡ ಅವಮಾನ ಉಂಟೆ! ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬೀಳಲೆಂದು, ಊರೆಲ್ಲ ಬೊಬ್ಬೆ ಹೊಡೆದರೂ ಕಾದಳು. ಅವಳ ಬಾಳಿನಲ್ಲಿ ಅವಳು ಬಾಯಿ ಮುಚ್ಚಿಕೊಂಡು ನಿಂತ ಗಳಿಗೆ ಅದೊಂದೇ.

ಆಮೇಲೆ ಉಸಿರು ಬಿಗಿಹಿಡಿದು ಹೋಗಿ ಕಂಕುಳಿಗೆ ಕೈಹಾಕಿ ಎಳೆದಳು. ವೆಂಕಟಲಕ್ಷ್ಮಮ್ಮ ಕಾಲು ಹಿಡಿದಳು. ಗಿರಿಜಾಂಬ ಅವನನ್ನು ಬಯಲಲ್ಲಿ ಮಗ್ಗುಲಾಗಿ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲೆ ಕಣ್ಣಿಟ್ಟು ಕೂತಳು. ಉಸಿರಿತ್ತು, ಎಳೆಯಷ್ಟು. ನೂರಾ ಎಂಟಕ್ಕೆ ಫೋನು ಮಾಡಿಸಿ, ದಾರಿ ತೋರಿಸಲು ಒಬ್ಬನನ್ನು ರಸ್ತೆಗೆ ಓಡಿಸಿದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಡಾಕ್ಟರು, ಇನ್ನೊಂದಿಷ್ಟು ತಡವಾಗಿದ್ದರೆ ಮನುಷ್ಯ ಸಿಗುತ್ತಿರಲಿಲ್ಲ ಎಂದರಂತೆ.

ಮನುಷ್ಯ ಸಿಕ್ಕಿದ. ಹುಳು ಸಿಗಲಿಲ್ಲ, ಚಳಿಗೆ ಮೇವು ಬಿಟ್ಟು ಬಾಡಿದವು, ಒಂದೂ ಗೂಡು ಕಟ್ಟಲಿಲ್ಲ.

ಊರಿಗೆ ಮರಳಿದ ಮರಿಯಪ್ಪ ಜಗಲಿಯಲ್ಲಿ ಕೂತು ಮೊದಲು ಮಾಡಿದ ಕೆಲಸ ಗಿರಿಜಾಂಬನಿಗೆ ಬೈಯುವುದು. ಅವಳ ಕಣ್ಣಿಗೆ, ಕೈಗೆ, ಹಾರೆಗೆ, ಅವಳನ್ನು ಹೆತ್ತ ಊರಿಗೆ ಬೈದ. ಗಿರಿಜಾಂಬ ಮಿಲ್ಲಿನ ಬಾಗಿಲಲ್ಲಿ ನಿಂತು ತೃಪ್ತಿಯಿಂದ ಕೇಳಿದಳು.

“ಬಯ್ಯಿ, ಇನ್ನೂ ಒಸಿ ಬಯ್ಯಿ. ಎಲ್ಲೂ ದಮ್ಮು ಕಟ್ಟತಾ ಇಲ್ಲ, ಚೆಂದಾಗೈತೆ ಉಸಿರು.”

ಮರಿಯಪ್ಪ ಸಿಟ್ಟಿಗೆ ಒಳಗೆ ಹೋದ. ವೆಂಕಟಲಕ್ಷ್ಮಮ್ಮ ಹೊರಗೆ ಬಂದಳು. ಮುಖ ಅತ್ತ ತಿರುಗಿಸಿಕೊಂಡೇ, ಆ ತರಬೇತಿ ಮತ್ತೆ ಯಾವಾಗ ಎಂದು ಕೇಳಿದಳು. ನಿನಗ್ಯಾಕೆ ಎಂದಳು ಗಿರಿಜಾಂಬ.

“ಕಿಟಕಿ ಒಡೆಯೋದು ಕಲೀಬೇಕು.”

“ಯಾರ ಕಿಟಕಿ?”

“ನಿನ್ ಮಿಲ್ಲಿಂದು. ನೀನೂ ಒಂದಿನ ಒಳಗೆ ಬಿದ್ದಿರ್ತೀಯಲ್ಲ, ಆಗ ಎಳ್ಕೊಂಡು ಬರೋಕೆ ಈ ಊರಲ್ಲಿ ಇನ್ಯಾರವ್ರೆ?”